ಕೆಮ್ಮು ಬರುವ ಜಾಗ

ಬೆಳಗ್ಗೆ ಬಾವಿಯಿಂದ ಮೊದಲ ಕೊಡಪಾನ ನೀರೆಳೆಯುವಾಗ ಉರ್ಸುಲಾ ಒಂದು ಹಾಡು ಗುನುಗುತ್ತಿದ್ದಳು. ಶಿಲುಬೆಯ ಗುರುತು ಮಾಡಿ, ಹಗ್ಗ ಇಳಿಸಿ, ಕೊಡಪಾನ ನೀರು ಮುಟ್ಟಿದ ಸದ್ದು ಕೇಳಿದ ಮೇಲೆ ಶುರು. ಜ್ವರವಿರಲಿ, ಜಡಿಮಳೆಯಿರಲಿ, ಒಂದು ದಿನವೂ ತಪ್ಪಿಸಿದವಳಲ್ಲ. ಮೂರನೆಯ ಸಾಲಿನಲ್ಲಿ ಮಾತು ಹೋಗಿ ಬರೀ "ಲಾ ಲಾ" ಆಗುತ್ತಿತ್ತು. ಅಲ್ಲಿ ಹಗ್ಗ ಹಿಡಿದುಕೊಂಡೇ ನಿಲ್ಲುತ್ತಿದ್ದಳು, ಯಾರೋ ಎರಡು ಸಲ ಕೆಮ್ಮಿ ಸುಧಾರಿಸಿಕೊಳ್ಳುವಷ್ಟು ಹೊತ್ತು. ಆಮೇಲೆ ಉಳಿದ ಸಾಲು ಮುಗಿಸಿ ಕೊಡಪಾನವನ್ನು ಕಟ್ಟೆಯ ಮೇಲಿಡುವಳು.

ಆ ಕೆಮ್ಮು ಅವಳ ಗಂಡ ಹ್ಯೂಬರ್ಟನದು.

ಬಲ್ಮಠದ ಇಳಿಜಾರಿನ ಹೆಂಚಿನ ಮನೆಗೆ ಅವಳು ಸೊಸೆಯಾಗಿ ಬಂದದ್ದು ಎಪ್ಪತ್ತನಾಲ್ಕರಲ್ಲಿ. ಮದುವೆಯ ದಿನ ಬ್ಯಾಂಡಿನವರು ಆಗ ಎಲ್ಲರ ಬಾಯಲ್ಲಿದ್ದ ಕೊಂಕಣಿ ಪಾಪ್ ಹಾಡೊಂದನ್ನು ಹಾಡಿದ್ದರು. ಹೊಳೆಯ ಕಡವಿನಲ್ಲಿ ದೋಣಿಗೆ ಕಾಯುವ ಹುಡುಗಿಯ ಹಾಡು. ಹ್ಯೂಬರ್ಟ್ ಅಂದಿನಿಂದ ಅದನ್ನು ಬಿಡಲಿಲ್ಲ, ಸರಿಯಾಗಿ ಕಲಿಯಲೂ ಇಲ್ಲ. ಗಡ್ಡ ಹೆರೆಯುವಾಗ ಅದೇ, ಹಲಸಿನ ಸೊಳೆ ಬಿಡಿಸುವಾಗ ಅದೇ.

"ಬೇರೆ ಹಾಡೇ ಇಲ್ಲವಾ ನಿಮಗೆ?" ಎಂದು ಉರ್ಸುಲಾ ರೇಗಿದರೆ, "ಬೇರೆ ಹೆಂಡತಿ ಉಂಟಾ? ಇಲ್ಲವಲ್ಲ. ಹಾಡೂ ಒಂದೇ ಸಾಕು" ಎನ್ನುತ್ತಿದ್ದ.

ಎಪ್ಪತ್ತೇಳರಲ್ಲಿ ಅವನು ಬಹ್ರೇನಿಗೆ ಹೋದ. ಕಾಗದ ಬರೆಯುವುದೆಂದರೆ ಅವನಿಗಾಗದು. ಕ್ಯಾಸೆಟ್ಟಿನಲ್ಲಿ ಮಾತಾಡಿ, ರಜೆಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದ. ಗಲ್ಫಿಗೆ ಹೋದವರ ಮನೆಗಳಲ್ಲೆಲ್ಲ ಆಗ ಹಾಗೆಯೇ. ಕೇಳಿಯಾದ ಮೇಲೆ ಅದೇ ಕ್ಯಾಸೆಟ್ಟಿನ ಮೇಲೆ ಮನೆಯವರು ತಮ್ಮ ಮಾತು ತುಂಬಿಸಿ, ಮರಳಿ ಹೋಗುವವರಿಗೆ ಕೊಡುವುದು. ಹಳೆಯದು ಅಳಿಸಿಹೋಗುತ್ತದೆಂದು ಯಾರೂ ಚಿಂತಿಸುತ್ತಿರಲಿಲ್ಲ. ಮುಂದಿನ ಸಲ ಹೊಸತು ಬರುತ್ತದಲ್ಲ.

ಎಂಬತ್ತೊಂದರ ಮೇ ತಿಂಗಳಲ್ಲಿ ಬಂದ ಕ್ಯಾಸೆಟ್ಟಿನ ಕೊನೆಗೆ ಹ್ಯೂಬರ್ಟ್ ಆ ಹಾಡು ಹಾಡಿದ್ದ. ಮೂರನೆಯ ಸಾಲಿಗೆ ಮಾತು ಮರೆತು ಲಾ ಲಾ ಎಂದ, ಕೆಮ್ಮಿದ, ಇನ್ನೊಮ್ಮೆ ಕೆಮ್ಮಿದ, ಮತ್ತೆ ಮುಗಿಸಿದ. ಉರ್ಸುಲಾ ಎರಡು ಸಲ ಕೇಳಿದಳು. ಮರುದಿನವೇ ನೆರೆಮನೆಯ ಜಾರ್ಜ್ ಬಹ್ರೇನಿಗೆ ಹೊರಡುವವನಿದ್ದ. ಗಡಿಬಿಡಿಯಲ್ಲಿ ಕುಳಿತು ತುಂಬಿಸಿದಳು: ಮಾಡಿನ ಹೆಂಚು ಒಡೆದದ್ದು, ಸರಿಮಾಡುವವನು ಬಾರದ್ದು, ಅತ್ತೆಯ ಮಂಡಿನೋವು, ಬೆಕ್ಕು ಮೀನು ಕದ್ದದ್ದು. ದೂರು ಎಷ್ಟಿತ್ತೆಂದರೆ ಟೇಪಿನ ಎರಡೂ ಬದಿ ಕೊನೆಯವರೆಗೆ ತುಂಬಿತು.

ಇಪ್ಪತ್ತು ದಿನಗಳಲ್ಲಿ ತಂತಿ ಬಂತು. ಎದೆನೋವು, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನ ಪೆಟ್ಟಿಗೆಯೊಳಗೆ ಆ ಕ್ಯಾಸೆಟ್ಟೂ ಮರಳಿ ಬಂತು. ಎಲ್ಲಾದರೂ ಒಂದಿಷ್ಟು ಅವನ ಸ್ವರ ಉಳಿದಿರಬಹುದೆಂದು ಉರ್ಸುಲಾ ಎರಡೂ ಬದಿ ಹಾಕಿ ಕೇಳಿದಳು. ಹೆಂಚು, ಮಂಡಿನೋವು, ಬೆಕ್ಕು. "ನಿಮ್ಮ ಕೆಮ್ಮು ಹೇಗುಂಟು?" ಎಂದು ಅವಳು ಎಲ್ಲಿಯೂ ಕೇಳಿರಲಿಲ್ಲ.

ಅಂದಿನಿಂದ ಹಾಡು ತಲೆಯೊಳಗೆ ಕೂತುಬಿಟ್ಟಿತು. ಹೊಲಿಗೆ ಮೆಷಿನ್ ತುಳಿಯುವಾಗ, ಸಂಜೆ ಜಪಸರ ಹಿಡಿದಾಗ ಕೂಡ ಬರುತ್ತಿತ್ತು. ಪಾಪನಿವೇದನೆಯಲ್ಲಿ ಹೇಳಿಕೊಂಡಳು. "ಬಂದರೆ ಬರಲಿ ಮಗಳೇ, ಬಂದಾಗಲೆಲ್ಲ ಅವನಿಗೊಂದು ಪ್ರಾರ್ಥನೆ ಹೇಳು" ಎಂದರು ಪಾದ್ರಿಗಳು.

ಎಂಬತ್ತನಾಲ್ಕರಲ್ಲಿ ನಾದಿನಿಯ ಮಗಳು ಡಾಲಿಯ ಮದುವೆಯಾಯಿತು. ಬ್ಯಾಂಡಿನವರು ಅದೇ ಹಾಡು ಹಾಡಿದರು, ಮೂರನೆಯ ಸಾಲನ್ನೂ ಸೇರಿಸಿ, ಒಂದಕ್ಷರ ಬಿಡದೆ. ಮರುದಿನ ಬಾವಿಕಟ್ಟೆಯಲ್ಲಿ ಉರ್ಸುಲಾಳ ತಲೆಯಲ್ಲಿ ಬಂದದ್ದು ಬ್ಯಾಂಡಿನವನ ಸ್ವರ. ಎರಡನೆಯ ದಿನವೂ ಅದೇ. ಹ್ಯೂಬರ್ಟನ ಸ್ವರ ಹೇಗಿತ್ತೆಂದು ಎಷ್ಟು ತಡಕಿದರೂ ಸಿಗಲಿಲ್ಲ. ಕೊಡಪಾನವನ್ನು ಬಾವಿಯೊಳಗೇ ಬಿಟ್ಟು ಕಟ್ಟೆಗೆ ಹಣೆಯಿಟ್ಟು ಅತ್ತಳು. ಒಮ್ಮೆ ನನ್ನ ಕೈಯಿಂದಲೇ ಅಳಿಸಿದ್ದು ಸಾಲದೇ ದೇವರೇ, ಇನ್ನೊಮ್ಮೆಯೂ ಹೋಯಿತೇ? ಐದನೆಯ ದಿನ ಮೊದಲು ಕೆಮ್ಮು ಬಂತು, ಅದರ ಹಿಂದಿನಿಂದ ಅವನ ಸ್ವರ. ಆಮೇಲೆ ಯಾವ ಮದುವೆಗೆ ಹೋದರೂ ಬ್ಯಾಂಡ್ ಶುರುವಾಗುವ ಮೊದಲೇ ಅವಳು ಹೊರಟುಬಿಡುತ್ತಿದ್ದಳು.

ಮರುವರ್ಷ ಒಂದು ಮಧ್ಯಾಹ್ನ, ಹೊಲಿದ ರವಕೆಗಳನ್ನು ಕೊಟ್ಟು ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಮಳೆ ಹನಿಯಿತು. ಉಸ್ಮಾನನ ಕ್ಯಾಸೆಟ್ ಅಂಗಡಿಯ ಜಗಲಿ ಹತ್ತಿದಳು. ಮನೆಯ ಟೇಪ್ ರೆಕಾರ್ಡರ್ ಕೆಟ್ಟರೆ ಹ್ಯೂಬರ್ಟ್ ತರುತ್ತಿದ್ದುದು ಅಲ್ಲಿಗೇ.

"ಎಂತ ಬಾಯಮ್ಮ, ಈ ಹಾಡು ಎಲ್ಲಿಂದ ಹುಡುಕಿ ತಂದ್ರಿ? ಕೇಳದೆ ಹತ್ತು ವರ್ಷ ಆಯ್ತು ಮಾರಾಯ್ರೆ" ಎಂದ ಉಸ್ಮಾನ್.

ಗುನುಗುತ್ತಿದ್ದೇನೆಂಬುದು ಉರ್ಸುಲಾಳಿಗೇ ಗೊತ್ತಿರಲಿಲ್ಲ. "ಜೋರಾಗಿ ಹಾಡಿದೆನಾ?"

"ಜೋರಿಲ್ಲ. ಆದರೆ ನಡುವೆ ಎಂತದು ಲಾ ಲಾ? ಅಲ್ಲಿ ಒಳ್ಳೆ ಮಾತು ಉಂಟು, ನೀವು ಅದನ್ನೇ ನುಂಗಿಬಿಟ್ರಿ!" ಅವನು ಕಪಾಟಿನ ತಳಕ್ಕೆ ಕೈಹಾಕಿ ಒಂದು ರೆಕಾರ್ಡ್ ಎಳೆದ. "ನೋಡಿ, ಇದೇ. ಟೇಪ್ ಮಾಡಿ ಕೊಡ್ತೇನೆ, ನಿಮ್ಮ ಬಸ್ಸು ಬರುವುದರೊಳಗೆ ಆಗ್ತದೆ. ದುಡ್ಡು ಬೇಡ. ನನ್ನ ಅತ್ತೆಗೂ ನಾನು ಪುಕ್ಕಟೆ ಕೊಟ್ಟವನಲ್ಲ. ಇದು ನಮ್ಮ ಹ್ಯೂಬರ್ಟ್ ಪೊರ್ಬುಗಳ ನೆನಪಿಗೆ."

ಧೂಳು ಊದಿ ರೆಕಾರ್ಡನ್ನು ಇಟ್ಟು ತಿರುಗಿಸಿಯೂ ಬಿಟ್ಟ. ಸೂಜಿ ಇಳಿಯುವಷ್ಟರಲ್ಲಿ ಉರ್ಸುಲಾ ತಿರುಗುವ ರೆಕಾರ್ಡಿನ ಮೇಲೆ ಅಂಗೈ ಊರಿದಳು. ಅದು ನಿಂತಿತು.

"ಬೇಡ ಉಸ್ಮಾನ್."

"ಅರೆ, ಸರಿಯಾದ ಹಾಡು ಬಾಯಮ್ಮ. ಪೂರ್ತಿ ಉಂಟು."

"ಅದಕ್ಕೇ ಬೇಡ" ಎಂದಳು. "ನಾನು ಇಳಿದು ಹೋಗುವವರೆಗೆ ಅದನ್ನು ಹಾಕಬೇಡಿ, ಆಯ್ತಾ?" ಬಸ್ಸು ಬಂದಿರಲಿಲ್ಲ. ಸೆರಗನ್ನು ತಲೆಗೆಳೆದುಕೊಂಡು ಅವಳು ಮಳೆಗೆ ಇಳಿದಳು.