ಬಂಕಿನಲ್ಲಿ ಹೆಲ್ಮೆಟ್ ತೆಗೆದ ಮಧ್ಯಾಹ್ನ

ಹೋದ ವರ್ಷದ ವೈಶಾಖದ ಮಾತು. ಎಲ್ಲಿ ನೋಡಿದರೂ ಮದುವೆ. ಕುದೂರಿನಲ್ಲಿ ನನ್ನದೊಂದು ಸಣ್ಣ ಬ್ಯೂಟಿ ಪಾರ್ಲರ್ ಇದೆ. ಐಬ್ರೋ, ಫೇಶಿಯಲ್ ಎಲ್ಲ ಮಾಡುತ್ತೇನಾದರೂ ನನಗೆ ಅನ್ನ ಹಾಕುವುದು ಮೊಗ್ಗಿನ ಜಡೆ. ಸುತ್ತಲಿನ ಹಳ್ಳಿಗಳಲ್ಲಿ ಹೆಣ್ಣಿಗೆ ಮದುವೆ ಗೊತ್ತಾದರೆ ಛತ್ರದವರಿಗೆ, ಅಡುಗೆಯವರಿಗೆ ಹೇಳಿದ ಮೇಲೆ "ಜಡೆಗೆ ಪಾರ್ಲರ್ ಸುಮಾಗೆ ಹೇಳ್ಬುಡಿ" ಅನ್ನುತ್ತಾರೆ. ಹೀಗೆ ಊರ ಹೆಣ್ಣುಮಕ್ಕಳ ತಲೆಯನ್ನೆಲ್ಲ ಸಿಂಗರಿಸುವ ನನ್ನ ತಲೆಯಲ್ಲಿ ಆ ವೈಶಾಖದಲ್ಲಿ ಒಂದೇ ಒಂದು ಕೂದಲಿರಲಿಲ್ಲ.

ಅದಕ್ಕೂ ಹಿಂದಿನ ದೀಪಾವಳಿಯ ಹೊತ್ತಿಗೆ ನನಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಗಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಆಮೇಲೆ ಕೀಮೋ. ಸೊಂಟದವರೆಗೆ ಇದ್ದ ಕೂದಲು ದಿಂಬಿನ ಮೇಲೆ, ಬಚ್ಚಲಲ್ಲಿ, ಬಾಚಣಿಗೆಯಲ್ಲಿ ಕಂತೆ ಕಂತೆಯಾಗಿ ಬಂತು. ಹುಬ್ಬೂ ಉದುರಿತು. ಹುಬ್ಬಿನದೇನು ದೊಡ್ಡ ಮಾತಲ್ಲ, ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು ನನ್ನ ಕಸುಬೇ. ತಲೆಗೆ ಏನು ಮಾಡುವುದು? ಪಾರ್ಲರಿನ ಶಟರ್ ಎಳೆದು ಮನೆಯಲ್ಲೇ ಕೂತೆ. ಕೇಳಿದವರಿಗೆ ಮನೆಯವರು "ತವರಿಗೆ ಹೋಗವ್ಳೆ" ಅನ್ನುತ್ತಿದ್ದರು.

ಅತ್ತೆ ಒಂದು ಉಪಾಯ ಹೇಳಿಕೊಟ್ಟಿದ್ದರು. "ಯಾರಾನ ಕೇಳುದ್ರೆ ತಿಮ್ಮಪ್ಪನ್ಗೆ ಮುಡಿ ಕೊಟ್ಟೆ ಅನ್ನು. ಅದ್ರಲ್ಲೇನು ತಪ್ಪು? ನೀನು ವಾಸಿಯಾದ್ರೆ ಬತ್ತೀವಿ ಅಂತ ನಾನೂ ಹರಕೆ ಕಟ್ಕೊಂಡಿವ್ನಿ."

ಅತ್ತೆಯ ಲೆಕ್ಕಾಚಾರ ನನಗೆ ಅರ್ಥವಾಗುತ್ತಿತ್ತು. ನಮ್ಮ ಕಡೆ ಮದುವೆ ಮನೆಯವರು ಶಕುನ ನೋಡುವ ಜನ. ರೋಗಕ್ಕೆ ಬೋಳಾದ ಹೆಂಗಸನ್ನು ಮದುವಣಗಿತ್ತಿಯ ಹತ್ತಿರಕ್ಕೂ ಬಿಡುವುದಿಲ್ಲ. ಅದೇ ಮುಡಿ ಕೊಟ್ಟ ತಲೆಯಾದರೆ ಕೈ ಮುಗಿದು ಒಳಗೆ ಕರೆಯುತ್ತಾರೆ. ಆದರೂ ಆ ಮಾತು ನನ್ನ ಬಾಯಿಂದ ಹೊರಡುತ್ತಿರಲಿಲ್ಲ. ಸುಳ್ಳೂ ಹೇಳಲಾರೆ, ನಿಜವೂ ಹೇಳಲಾರೆ ಎಂದು ಬಾಗಿಲು ಹಾಕಿಕೊಂಡು ಕೂತಿದ್ದೆ.

ಕೀಮೋ ಮುಗಿದು, ಡಾಕ್ಟರು "ನಿಧಾನವಾಗಿ ಕೆಲಸ ಶುರು ಮಾಡಬಹುದು" ಎಂದ ವಾರದಲ್ಲೇ ಗುಡೇಮಾರನಹಳ್ಳಿ ಹತ್ತಿರದ ಒಂದು ಹಳ್ಳಿಯಿಂದ ಫೋನ್ ಬಂತು. ಮದುವೆ ಹುಡುಗಿಯೇ ಮಾತಾಡಿದಳು. "ಅಕ್ಕ, ನೀವು ಬರ್ಲಿಲ್ಲ ಅಂದ್ರೆ ನನ್ಗೆ ಜಡೇನೇ ಬ್ಯಾಡ." ಒಪ್ಪಿಕೊಂಡುಬಿಟ್ಟೆ. ಈ ಮದುವೆ ಸರಿಹೋದರೆ ಇಡೀ ಸೀಸನ್ ಮತ್ತೆ ನನ್ನದು. ಅಲ್ಲಿ ಗುಟ್ಟು ರಟ್ಟಾದರೆ ಪಾರ್ಲರ್ ಶಟರ್ ಮೇಲೇಳುವುದೇ ಅನುಮಾನ.

ಬೆಂಗಳೂರಿನಿಂದ ಒಂದು ವಿಗ್ ತರಿಸಿಕೊಂಡೆ. ಅದರ ಮೇಲೆ ಹೆಲ್ಮೆಟ್ ಹಾಕಿದರೆ ಎರಡೂ ಸೇರಿ ಒಂದು ಪಕ್ಕಕ್ಕೆ ಜಾರುತ್ತಿದ್ದವು. ಹಾಗಾಗಿ ವಿಗ್ಗನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಸ್ಕೂಟರ್ ಸೀಟಿನ ಕೆಳಗಿಟ್ಟೆ. ತಲೆಗೊಂದು ತೆಳು ಬಟ್ಟೆ, ಅದರ ಮೇಲೆ ಹೆಲ್ಮೆಟ್. ಆ ಹಳ್ಳಿಗೆ ತಿರುಗುವ ಕಡೆ ಒಂದು ಹುಣಸೆಮರವಿದೆ. ಅಲ್ಲಿ ಗಾಡಿ ನಿಲ್ಲಿಸಿ, ಕನ್ನಡಿ ನೋಡಿಕೊಂಡು ವಿಗ್ ಹಾಕಿಕೊಳ್ಳುವುದು ಎಂದು ಲೆಕ್ಕ ಹಾಕಿದ್ದೆ. ಸಂಜೆ ಮಾಗಡಿಯ ಛತ್ರದಲ್ಲಿ ಆರತಕ್ಷತೆ. ಊಟ ಮುಗಿಸಿ ಮಧ್ಯಾಹ್ನ ಹೊರಟೆ. ಕಾಲ ಬಳಿ ಸ್ಟೀಲ್ ಡಬ್ಬಿ, ಅದರಲ್ಲಿ ಒದ್ದೆ ಬಟ್ಟೆ ಸುತ್ತಿದ ಮಲ್ಲಿಗೆ ಮೊಗ್ಗು. ಬಿಸಿಲಿಗೆ ಮೊಗ್ಗು ಬೇಗ ಬಿರಿಯುತ್ತದೆ. ಬಿರಿದರೆ ಜಡೆಗೆ ಹೊಲಿಯಲು ಬರುವುದಿಲ್ಲ. ಆದ್ದರಿಂದ ಅವಸರದಲ್ಲಿದ್ದೆ.

ಕುದೂರು ದಾಟಿ ಸ್ವಲ್ಪ ದೂರ ಹೋಗುತ್ತಲೇ ಗಾಡಿ ಕೆಮ್ಮತೊಡಗಿತು. ಹಿಂದಿನ ದಿನ ನಮ್ಮ ಯಜಮಾನರು ಗಾಡಿ ತೆಗೆದುಕೊಂಡು ಹೋಗಿ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ ತಂದು ನಿಲ್ಲಿಸಿದ್ದರು. ಮನಸ್ಸಿನಲ್ಲೇ ಅವರಿಗೆ ಮಂತ್ರಪುಷ್ಪ ಅರ್ಪಿಸಿ ದಾರಿಯಲ್ಲಿ ಸಿಕ್ಕ ಬಂಕಿಗೆ ಗಾಡಿ ತಿರುಗಿಸಿದೆ.

"ಅಕ್ಕ, ಎಲ್ಮೆಟ್ ತೆಗೀರಿ," ಎಂದ ಪೈಪ್ ಹಿಡಿದಿದ್ದ ಬಂಕಿನವನು. ನನ್ನದೇ ವಯಸ್ಸಿನವನಿರಬೇಕು.

"ಇನ್ನೂರಕ್ಕೆ ಹಾಕಣ್ಣ, ಅರ್ಜೆಂಟಿದೆ."

"ಎಷ್ಟಕ್ಕಾನ ಹಾಕ್ತೀನಿ. ಎಲ್ಮೆಟ್ ತೆಗೀದೆ ಹಾಕಂಗಿಲ್ಲ. ಬೋರ್ಡೈತೆ ನೋಡಿ. ಸರ ಕಿತ್ಕೊಂಡೋದ ನನ್ಮಕ್ಳು ಇಲ್ಲೇ ಪೆಟ್ರೋಲ್ ಹಾಕುಸ್ಕೊಂಡೋಗವ್ರೆ. ಕ್ಯಾಮ್ರಾದಲ್ಲಿ ನೋಡುದ್ರೆ ಬರೀ ಎಲ್ಮೆಟ್ಟು. ಪೊಲೀಸ್ನೋರು ಬಂದು ನಮ್ಗೆ ಉಗುದ್ರು."

"ಅಲ್ಲಣ್ಣ, ನನ್ನ ನೋಡಿದ್ರೆ ಸರ ಕೀಳೋಳ ಥರ ಕಾಣ್ತೀನಾ?"

"ಕಂಡ್ರೆ ತಾನೇ ಯೋಳದು? ಅದ್ಕೇ ತೆಗೀರಿ ಅಂದಿದ್ದು."

ಅವನು ಹೇಳಿದ್ದು ನ್ಯಾಯವೇ. ಆದರೆ ನಾನೇನು ಮಾಡಲಿ? ನೆಗಡಿ ಎಂದೆ, ತಲೆನೋವು ಎಂದೆ. ಮಾತಾಡುತ್ತಲೇ, ಮುಚ್ಚಳ ತೆಗೆದುಬಿಟ್ಟರೆ ಹಾಕಿಯಾನು ಎಂದು ಸೀಟು ಎತ್ತಿದೆ. ನನ್ನ ಗಾಡಿಗೆ ಪೆಟ್ರೋಲ್ ಮುಚ್ಚಳ ಇರುವುದು ಸೀಟಿನ ಕೆಳಗೆ. ಗಾಬರಿಯಲ್ಲಿ ವಿಗ್ ಮರೆತೇಹೋಗಿತ್ತು. ಕವರಿನಿಂದ ಅರ್ಧ ಹೊರಗೆ ಬಂದು ಅದು ಮುಚ್ಚಳದ ಮೇಲೇ ಮಲಗಿತ್ತು.

ಬಂಕಿನವನು ಹಾವು ತುಳಿದವನಂತೆ ಹಿಂದಕ್ಕೆ ಹಾರಿದ. "ಅಯ್ಯಯ್ಯೋ, ಏನಕ್ಕ ಇದು, ಕೂದ್ಲು!"

ಹಿಂದೆ ಬೈಕುಗಳ ಸಾಲಿತ್ತು. ಅದರಲ್ಲೊಬ್ಬ ಗಟ್ಟಿಯಾಗಿ ಹೇಳಿದ, "ಲೇ, ಕೂದ್ಲ ಸೀಟ್ ಕೆಳ್ಗೆ ಮಡೀಕಂಡು ಎಲ್ಮೆಟ್ ತೆಗ್ಯಲ್ಲ ಅಂದ್ರೆ ಇದು ಗಂಡ್ಸೇ ಕಣ್ಲಾ! ಸೀರೆ ಉಟ್ಕಂಡು ಯೇಸ ಹಾಕವ್ನೆ!"

ಎಲ್ಲರೂ ನಕ್ಕರು. ಇನ್ನೊಬ್ಬ ಮೊಬೈಲ್ ಎತ್ತಿ ಹಿಡಿದ. ಗಾಡಿ ತಳ್ಳಿಕೊಂಡು ಓಡಿಹೋಗೋಣ ಅನ್ನಿಸಿತು. ಓಡಿದರೆ ಕಳ್ಳಿ ಎಂದು ಅವರೇ ಹಿಡಿದು ನಿಲ್ಲಿಸುತ್ತಿದ್ದರು. ಆಮೇಲೆ ಭಯ ಹೋಗಿ ಸಿಟ್ಟು ಬಂತು. ನಾನು ಯಾರ ಸರ ಕಿತ್ತಿದ್ದೇನೆ? ಕಾಯಿಲೆ ಬಿದ್ದದ್ದೇ ತಪ್ಪಾ? ಪಟ್ಟಿ ಬಿಚ್ಚಿ ಹೆಲ್ಮೆಟ್ ಎಳೆದೆ. ಅದರ ಜೊತೆಗೆ ಬಟ್ಟೆಯೂ ಬಂತು.

ನಗು ನಿಂತುಹೋಯಿತು. ಬಂಕಿನವನು ನೆಲ ನೋಡತೊಡಗಿದ. ಮೊಬೈಲಿನವನು ಮೆಲ್ಲಗೆ ಕೈ ಇಳಿಸಿದ. ಆಗ ಪಕ್ಕದ ಬೈಕಿನ ಹಿಂದುಗಡೆ ಕೂತಿದ್ದ ಒಬ್ಬರು ಅಜ್ಜಿ ಕಷ್ಟಪಟ್ಟು ಕೆಳಗಿಳಿದರು. ಬರಿಗೈ, ಬರಿಗೊರಳು, ಮಾಸಿದ ಸೀರೆ.

"ಮುಡಿ ಕೊಟ್ಟವ್ಳೆ ಕಣ್ರಲಾ! ದೇವ್ರಿಗೆ ಹೋಗ್ಬಂದ ಹೆಣ್ಮಗ್ಳ ನೋಡಿ ನಗ್ತೀರಲ್ಲ, ನಿಮ್ ಬಾಯ್ಗೆ ಮಣ್ಣಾಕ," ಎಂದು ಅವರನ್ನು ಗದರಿಸಿ ನನ್ನ ಮುಂದೆ ಬಂದು ನಿಂತರು. "ತಿಮ್ಮಪ್ಪನ್ಗಾ, ಮಾದಪ್ಪನ್ಗಾ ತಾಯಿ? ಪರ್ಸಾದ ಇದ್ರೆ ಒಸಿ ಕೊಡವ್ವ," ಎಂದು ಎರಡೂ ಕೈ ಒಡ್ಡಿದರು.

ಗಂಡಸು ಎಂದು ಕೂಗಿದವನು ಆಗಲೇ "ತಪ್ಪಾಯ್ತಕ್ಕ" ಎಂದು ಕೈ ಮುಗಿಯುತ್ತಿದ್ದ. ತಿಮ್ಮಪ್ಪ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು, ಮಾನವೂ ಉಳಿಯುತ್ತಿತ್ತು, ಮದುವೆಯೂ ಉಳಿಯುತ್ತಿತ್ತು. ಆದರೆ ಆ ಒಡ್ಡಿದ ಕೈಗಳನ್ನು ನೋಡಿದ ಮೇಲೆ ನನ್ನಿಂದ ಆಗಲಿಲ್ಲ. ಅವಕ್ಕೆ ಏನೆಂದು ಪ್ರಸಾದ ಹಾಕಲಿ?

"ಮುಡಿ ಅಲ್ಲ ಅಜ್ಜಿ," ಎಂದೆ. ಎಲ್ಲರಿಗೂ ಕೇಳುವ ಹಾಗೆಯೇ ಎಂದೆ. "ನನಗೆ ಕ್ಯಾನ್ಸರ್ ಆಗಿತ್ತು. ಔಷಧಿಗೆ ಕೂದಲು ಉದುರಿತು."

ಅಜ್ಜಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ ಅಂದುಕೊಂಡೆ. ಎಳೆದುಕೊಳ್ಳಲಿಲ್ಲ. ನನ್ನ ಮುಖವನ್ನೇ ನೋಡಿ ಕೇಳಿದರು, "ಈಗ ವಾಸಿಯಾಯ್ತಾ?"

"ಆಗ್ತಾ ಇದೆ ಅಜ್ಜಿ."

"ಅಂಗಾರೆ ಸರಿ ಬುಡು," ಎಂದು ಹೋಗಿ ಬೈಕ್ ಹತ್ತಿದರು.

ಬಂಕಿನವನು ತಾನೇ ವಿಗ್ಗನ್ನು ನಾಜೂಕಾಗಿ ಪಕ್ಕಕ್ಕಿಟ್ಟು ಪೆಟ್ರೋಲ್ ಹಾಕಿದ. "ಬೇಜಾರ್ ಮಾಡ್ಕಬ್ಯಾಡಿ ಅಕ್ಕ. ನಮ್ಮ ಸಾಹೇಬ್ರು ಕ್ಯಾಮ್ರಾದಾಗೆ ನೋಡ್ತಾ ಕುಂತವ್ರೆ," ಎಂದ. ಅವನ ಮೇಲೆ ನನಗೆ ಸಿಟ್ಟಿರಲಿಲ್ಲ, ಅವನ ಕೆಲಸ ಅವನು ಮಾಡಿದ್ದ. ಹಾಗೆಂದು ಹೇಳಿಯೇ ಹೊರಟೆ.

ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿದೆ. ವಿಗ್ ಕೈಗೆ ತೆಗೆದುಕೊಂಡೆ. ಹಾಕಿಕೊಂಡು ಹೋದರೆ ಆ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಬಂಕಿನಲ್ಲಿ ಅಷ್ಟು ಜನರ ಎದುರು ಬಾಯಿಬಿಟ್ಟು ಹೇಳಿದ ಮೇಲೆ, ತಿಂಗಳುಗಟ್ಟಲೆ ಮನೆಯೊಳಗೆ ಬಚ್ಚಿಟ್ಟುಕೊಂಡದ್ದೆಲ್ಲ ಸಾಕಾಗಿ ಹೋಗಿತ್ತು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು? ವಿಗ್ಗನ್ನು ವಾಪಸ್ ಸೀಟಿನ ಕೆಳಗೆ ತುರುಕಿ, ಹೆಲ್ಮೆಟ್ ಹಾಕಿಕೊಂಡು ಹೊರಟೆ.

ಮದುವೆ ಮನೆಯ ಚಪ್ಪರದ ಕೆಳಗೆ ಬಂಕಿನಲ್ಲಿ ನೋಡಿದ ಅದೇ ಬೈಕ್ ನಿಂತಿತ್ತು. ಅದೇ ಅಜ್ಜಿ ಹೊರಗೆ ಜಗುಲಿಯ ಮೂಲೆಯಲ್ಲಿ ಒಬ್ಬರೇ ಕೂತಿದ್ದರು. ಸುದ್ದಿ ನನಗಿಂತ ಮುಂಚೆ ಒಳಗೆ ಹೋಗಿರುತ್ತದೆ ಎಂದುಕೊಂಡೆ. ಆದರೂ ಅಲ್ಲೇ ಹೆಲ್ಮೆಟ್ ತೆಗೆದು, ಮೊಗ್ಗಿನ ಡಬ್ಬಿ ಹಿಡಿದು, ಬೋಳುತಲೆಯಲ್ಲೇ ಒಳಗೆ ನಡೆದೆ.

ನಡುಮನೆಯಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಹುಡುಗಿಯ ದೊಡ್ಡಮ್ಮ ಎದ್ದು ನಿಂತರು. "ಇದೇನವ್ವ ಇದು? ಬೋಳ್ತಲೆ ಇಟ್ಕಂಡು ಮದ್ವೆ ಹೆಣ್ಣಿನ್ ತಲೆ ಮುಟ್ಟಾಕ್ ಬಂದಿದ್ದೀಯಾ? ನಮ್ಮನೇಲಿ ಶುಭಕಾರ್ಯ ನಡೀತೈತೆ."

"ಜಡೆ ಹಾಕೋದು ನನ್ನ ಕೈ ದೊಡ್ಡಮ್ಮ, ತಲೆ ಅಲ್ಲ," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಹುಡುಗಿಯ ತಾಯಿಯ ಕಡೆ ತಿರುಗಿದೆ. "ನನಗೆ ಕ್ಯಾನ್ಸರ್ ಆಗಿತ್ತು, ಅದು ಅಂಟುರೋಗ ಅಲ್ಲ. ಬೇಡ ಅಂದ್ರೆ ಹೇಳಿ, ಈಗಲೇ ಹೋಗ್ತೀನಿ. ಬೇಕು ಅಂದ್ರೆ ಬೇಗ ಹೇಳಿ, ಮೊಗ್ಗು ಕಾಯಲ್ಲ."

ಆ ತಾಯಿ ಓರಗಿತ್ತಿಯ ಮುಖ ನೋಡಿದರು, ನನ್ನ ಮುಖ ನೋಡಿದರು. ಕೋಣೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿ ಸುಮ್ಮನೆ ಬಂದು ನನ್ನ ಮುಂದಿನ ಮಣೆಯ ಮೇಲೆ ಕೂತಳು. ಗಂಟು ಬಿಚ್ಚಿ ಕೂದಲು ಹರಡಿಕೊಂಡು, "ಹಾಕಿ ಅಕ್ಕ," ಎಂದಳು.

ಅಂಥ ಕೂದಲನ್ನು ನಾನು ಅಪರೂಪಕ್ಕೆ ನೋಡಿದ್ದೇನೆ. ನೆಲ ಮುಟ್ಟುತ್ತಿತ್ತು. ಬಾಚುತ್ತಾ, "ಏನು ಹಚ್ಚುತ್ತೀಯಮ್ಮ ಇದಕ್ಕೆ?" ಎಂದು ಕೇಳಿದೆ.

"ನಾನೇನೂ ಹಚ್ಚಲ್ಲ. ಚಿಕ್ಕೋಳಿದ್ದಾಗಿಂದ ನಮ್ಮಜ್ಜೀನೇ ಎಣ್ಣೆ ಕಾಯ್ಸಿ ತಿಕ್ಕಿ ಬೆಳ್ಸಿದ್ದು. ಹೊರಗೆ ಜಗುಲೀಲಿ ಕುಂತೈತಲ್ಲ, ಅದೇ." ಆಮೇಲೆ ದನಿ ತಗ್ಗಿಸಿದಳು. "ತಾತ ಹೋದ್ಮೇಲೆ ಶುಭಕಾರ್ಯ ಅಂದ್ರೆ ಅಜ್ಜಿ ಒಳೀಕ್ ಬರಲ್ಲ. ಇವ್ರು ಬಿಡಾದೂ ಇಲ್ಲ."

ನಾನು ಬಾಚಣಿಗೆ ಕೆಳಗಿಟ್ಟೆ. ಬಂಕಿನಲ್ಲಿ ಅಷ್ಟು ಜನ ನಗುವಾಗ ನನ್ನ ಪರವಾಗಿ ಗಾಡಿ ಇಳಿದು ಬಂದದ್ದು ಅವರೊಬ್ಬರೇ. ಬೋಳುತಲೆಯ ನಾನು ನಡುಮನೆಯಲ್ಲಿ, ಈ ಕೂದಲು ಬೆಳೆಸಿದವರು ಜಗುಲಿಯಲ್ಲಿ! "ಅಜ್ಜಿ ಬರೋವರೆಗೂ ನಾನು ಒಂದು ಹೊಲಿಗೆಯೂ ಹಾಕಲ್ಲ," ಎಂದೆ. "ಮೊಗ್ಗು ಬಿರಿದರೆ ಬಿರೀಲಿ."

"ಇವ್ಳ್ಯಾರವ್ವ ನಮ್ಮನೆ ಶಾಸ್ತ್ರ ಯೋಳಾಕೆ?" ಎಂದು ದೊಡ್ಡಮ್ಮ ಸಿಡುಕಿ ಎದ್ದುಹೋದರು. ಅಷ್ಟು ಹೊತ್ತು ಮೂಕರಂತೆ ನಿಂತಿದ್ದ ಹುಡುಗಿಯ ತಾಯಿ ಸರಸರನೆ ಹೊರಗೆ ಹೋಗಿ ತಮ್ಮ ಅತ್ತೆಯ ಕೈ ಹಿಡಿದುಕೊಂಡು ಬಂದರು. ಅಜ್ಜಿ ಹೊಸಿಲಲ್ಲೇ ನಿಂತುಬಿಟ್ಟರು.

"ನಾನ್ ಬರ್ಬಾರ್ದು ಕಣವ್ವ."

"ನಾನೇ ಬಂದು ಕೂತಿದ್ದೀನಿ ಅಜ್ಜಿ, ನೀವ್ಯಾಕೆ ಬರಬಾರದು?"

ಅಜ್ಜಿ ನನ್ನ ತಲೆ ನೋಡಿದರು. ಬೊಚ್ಚುಬಾಯಿ ತೆರೆದು ನಕ್ಕುಬಿಟ್ಟರು. ಹೊಸಿಲು ದಾಟಿ ಬಂದು ಮೊಮ್ಮಗಳ ಹಿಂದೆ ಕೂತರು. ಮೊದಲ ಮೊಗ್ಗಿನ ಸಾಲನ್ನು ಅವರ ಕೈಗೆ ಕೊಟ್ಟೆ. ಅಷ್ಟಾದರೂ, "ಮುಟ್ಲಾ ಕೂಸೆ?" ಎಂದು ಕೇಳಿದರು. ತಾವೇ ಬೆಳೆಸಿದ ಕೂದಲನ್ನು ಮುಟ್ಟಲು ಅಪ್ಪಣೆ ಕೇಳುತ್ತಿದ್ದರು. ಹುಡುಗಿ ತಿರುಗದೆಯೇ ಅಜ್ಜಿಯ ಕೈ ಎಳೆದು ತನ್ನ ತಲೆಯ ಮೇಲಿಟ್ಟುಕೊಂಡಳು.

ಆ ಸೀಸನ್ನಿನಲ್ಲಿ ನನಗೆ ಹೇಳಿದ್ದ ಒಂದೆರಡು ಮನೆಯವರು ಬೇರೆಯವರನ್ನು ಕರೆಸಿಕೊಂಡರು. ಕರೆಸಿಕೊಳ್ಳಲಿ. ಮಾರನೆಯ ದಿನವೇ ನಾನು ಪಾರ್ಲರ್ ಶಟರ್ ಎತ್ತಿ, ಬೋಳುತಲೆಯಲ್ಲೇ ಕೂತೆ. ಬರುವವರು ಬಂದರು. ಕೆಲವರು ಜಡೆಯ ನೆಪದಲ್ಲಿ ಬಂದು, ಬಾಗಿಲು ಮುಂದಕ್ಕೆಳೆದು, ಎದೆಯಲ್ಲಿ ಗಂಟಿದ್ದರೆ ಯಾವ ಡಾಕ್ಟರಿಗೆ ತೋರಿಸಬೇಕು ಎಂದು ಮೆಲ್ಲಗೆ ಕೇಳಿದರು. ಈಗ ನನ್ನ ತಲೆಯಲ್ಲಿ ಕೂದಲು ಬಂದಿದೆ, ಮೊದಲಿಗಿಂತ ಗುಂಗುರಾಗಿ.

ಆ ಸಂಜೆ ಜಡೆ ಮುಗಿಸಿ ಹೊರಡುವಾಗ ಅಜ್ಜಿ ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡಿದ್ದರು. ಬಟ್ಟಲಲ್ಲಿ ಒಂಚೂರು ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ತಂದಿದ್ದರು. ಕೇಳದೆಯೇ ನನ್ನ ಬೋಳು ನೆತ್ತಿಗೆ ತಿಕ್ಕಿದರು. ಆಸ್ಪತ್ರೆಯಲ್ಲಿ ಒಂದು ಹನಿಯೂ ಅಳದಿದ್ದ ನಾನು ಆ ನಡುಮನೆಯಲ್ಲಿ ಕೂತು ಮನಸಾರೆ ಅತ್ತೆ.