ವಿಮಲಾ ಟೀಚರಿಗೆ ಬಗೆಹರಿಯದ ಹುಡುಗಿ

ಮಲಾಡಿನ ಆ ಸೊಸೈಟಿಯಲ್ಲಿ ವಿಮಲಾ ಅವರಿಗೆ ಗೊತ್ತಿಲ್ಲದ ಸಂಗತಿ ಏನಾದರೂ ಇದ್ದರೆ, ಅದು ಇನ್ನೂ ನಡೆದೇ ಇಲ್ಲ ಎಂದುಕೊಳ್ಳಬೇಕು. ವಾಚ್‌ಮನ್ನನ ಊರು ಯಾವ ಸ್ಟೇಷನ್ನಿನಿಂದ ಎಷ್ಟು ದೂರ, ಮೂರನೇ ಮಹಡಿಯವರು ಹಾಲಿನವನನ್ನು ಯಾಕೆ ಬಿಡಿಸಿದರು, ಎಲ್ಲವೂ ಅವರಿಗೆ ಬೇಕು. ಗಂಡ ರಾಮಸ್ವಾಮಿ ಬ್ಯಾಂಕಿನಿಂದ ನಿವೃತ್ತರಾಗಿ ಪೇಪರ್ ಓದಿಕೊಂಡಿರುವ ಸಾಧು ಮನುಷ್ಯ. ನಿನಗ್ಯಾಕೆ ಊರ ಉಸಾಬರಿ ಎಂದು ದಿನಕ್ಕೊಮ್ಮೆಯಾದರೂ ಗೊಣಗುತ್ತಾರೆ. ವಿಮಲಾ ಕೇಳಿಸಿಕೊಂಡರೆ ತಾನೆ! ಆದರೆ ಒಂದು ಮಾತು ಹೇಳಲೇಬೇಕು. ಒಬ್ಬರ ಸುದ್ದಿಯನ್ನು ಇನ್ನೊಬ್ಬರ ಮನೆಗೆ ದಾಟಿಸಿದವರಲ್ಲ ಆಕೆ. ತಿಳಿಯಬೇಕು, ಅಷ್ಟೆ. ತಿಳಿಯುವ ತನಕ ಅನ್ನ ಸೇರುವುದಿಲ್ಲ.

ಮದುವೆಯಾಗಿ ಮೈಸೂರಿನಿಂದ ಮುಂಬೈಗೆ ಬಂದಾಗ ಅವರಿಗೆ ಹಿಂದಿ, ಮರಾಠಿಯ ಗಂಧಗಾಳಿ ಇರಲಿಲ್ಲ. ಬಿ.ಎಸ್ಸಿ.ಯ ಗಣಿತವೊಂದು ಗಟ್ಟಿಯಿತ್ತು. ಪಕ್ಕದ ಮನೆಯ ಮರಾಠಿ ಹುಡುಗನಿಗೆ ಲೆಕ್ಕ ಹೇಳಿಕೊಟ್ಟು, ಅವನ ಬಾಯಿಂದಲೇ ಭಾಷೆ ಕಲಿತರು. ಅವತ್ತಿನಿಂದ ಊಟದ ಮೇಜೇ ಟ್ಯೂಷನ್ ಕ್ಲಾಸು. ಹುಳಿಯ ಒಗ್ಗರಣೆಯ ವಾಸನೆ ಹೀರುತ್ತಲೇ ಎಷ್ಟೋ ಹುಡುಗರು ಬೋರ್ಡ್ ಪರೀಕ್ಷೆ ದಾಟಿದ್ದಾರೆ. ಯಾರ ತಲೆಗೆ ಯಾವುದು ಯಾಕೆ ಹತ್ತುವುದಿಲ್ಲ ಎಂದು ಕೆದಕಿ ಕೆದಕಿ ಕಂಡುಹಿಡಿಯುವುದು ಆಕೆಗೆ ಬಲು ಇಷ್ಟದ ಕೆಲಸ.

ಕಳೆದ ದಸರೆಯ ಹೊತ್ತಿಗೆ ಬಿ ವಿಂಗಿನ ಈರಣ್ಣ ತಮ್ಮ ಮಗಳು ರೂಪಾಲಿಯನ್ನು ಕರೆತಂದರು. ಈರಣ್ಣ ವಿಜಯಪುರದ ಕಡೆಯವರು, ಮಾರ್ಕೆಟ್ಟಿನಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ. ಹುಡುಗಿಗೆ ಹತ್ತೊಂಬತ್ತು. ಎರಡು ವರ್ಷದ ಹಿಂದೆ, ಹನ್ನೆರಡನೇ ತರಗತಿಯ ನಡುವೆ ಓದು ನಿಂತಿತ್ತು. ಈಗ ಹೊರಗಿನಿಂದ ಪರೀಕ್ಷೆಗೆ ಕೂರಿಸಬೇಕು, ಬರೇ ಪಾಸಾದರೆ ಸಾಕು ಎಂದರು. ಓದು ಯಾಕೆ ನಿಂತಿತೆಂದು ವಿಮಲಾ ಕೇಳಿದ್ದಕ್ಕೆ ಕಾಮಾಲೆಯಾಗಿತ್ತು ಎಂಬ ಉತ್ತರ ಬಂತು. ಎರಡು ವರ್ಷದ ಕಾಮಾಲೆಯನ್ನು ಯಾರಾದರೂ ಎಲ್ಲಾದರೂ ಕೇಳಿದ್ದೀರಾ?

ಕಾಮಾಲೆಯ ನಿಜ ಹೆಸರನ್ನು ಎದುರುಮನೆಯ ವಂದನಾ ಮರುದಿನವೇ ಬಂದು ಹೇಳಿದರು. ಜೊತೆಯಲ್ಲಿ ಓದುತ್ತಿದ್ದ ಅಮೋಲ್ ಎಂಬ ಹುಡುಗ; ಸ್ನೇಹ ಸ್ನೇಹದಲ್ಲೇ ನಿಂತಿರಲಿಲ್ಲವಂತೆ. ಆ ವಯಸ್ಸಿಗೆ ಅದೆಲ್ಲ ಶುರುವಾದರೆ ವಿದ್ಯೆ ತಲೆಗೆ ಹತ್ತುತ್ತದೆಯೇ ಎಂದು ವಂದನಾ ತೀರ್ಪನ್ನೂ ಕೊಟ್ಟು ಹೋದರು. ವಿಮಲಾಗೂ ಮೊದಲು ಹಾಗೇ ಅನ್ನಿಸಿತು. ಅನ್ನಿಸಿದ್ದು ನಿಜವೋ ಸುಳ್ಳೋ ನೋಡಬೇಕಲ್ಲ.

ನೋಡಿದರೆ ಹುಡುಗಿ ಚುರುಕು ಅಂದರೆ ಚುರುಕು. ಮೇಜಿನ ಮೇಲೆ ಯಾವ ಲೆಕ್ಕ ಕೊಟ್ಟರೂ ನೀರು ಕುಡಿದಷ್ಟು ಸಲೀಸಾಗಿ ಬಿಡಿಸುವಳು. ಟೆಸ್ಟ್ ಎಂದು ಕೂರಿಸಿದರೆ ಮಾತ್ರ ನಪಾಸು. ಭಯವಿರಬೇಕೆಂದು ವಿಮಲಾ ಗೋಡೆಯ ಗಡಿಯಾರ ತೆಗೆದಿಟ್ಟರು. ಕಣ್ಣಿನ ದೋಷವಿದ್ದೀತೆಂದು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟರು. ಏನೂ ಪ್ರಯೋಜನವಾಗಲಿಲ್ಲ. ಒಂದು ದಿನ ಅದೇ ಪ್ರಶ್ನೆಗಳನ್ನು ಟೆಸ್ಟ್ ಎನ್ನದೆ, ಸುಮ್ಮನೆ ಪ್ರಾಕ್ಟೀಸಿಗೆಂದು ಕೊಟ್ಟರು. ಎಲ್ಲವೂ ಸರಿ! ವಿಮಲಾ ಆ ರಾತ್ರಿ ಚಪಾತಿಯನ್ನು ಕರಕು ಮಾಡಿದರು.

ಉತ್ತರ ಹೊಳೆದದ್ದು ಜನವರಿಯಲ್ಲಿ. ಎಂಬತ್ತು ಅಂಕದ ಪೇಪರಿಗೆ ಇಪ್ಪತ್ತೆಂಟು ಬಂದರೆ ಪಾಸು. ರೂಪಾಲಿಗೆ ಒಮ್ಮೆ ಇಪ್ಪತ್ತಾರು, ಒಮ್ಮೆ ಇಪ್ಪತ್ತೇಳು, ಮತ್ತೆ ಇಪ್ಪತ್ತಾರು. ಅರೆ, ಇಷ್ಟು ಕರಾರುವಾಕ್ಕಾಗಿ ನಪಾಸಾಗಬೇಕಾದರೆ ಎಲ್ಲ ಲೆಕ್ಕವೂ ಬರಬೇಕಲ್ಲ!

ಬೇರೆ ಹುಡುಗರು ಹೋದ ಮೇಲೆ ವಿಮಲಾ ಅವಳ ಮುಂದೆ ಕಾಫಿ ಇಟ್ಟು ನೇರವಾಗಿ ಕೇಳಿದರು. "ಬೇಕೂಂತ್ಲೇ ಫೇಲಾಗ್ತಿದೀಯ ಅಲ್ವೇನೇ? ಯಾಕಮ್ಮಾ?"

ರೂಪಾಲಿ ಲೋಟವನ್ನು ಪಕ್ಕಕ್ಕೆ ಸರಿಸಿದಳು. "ಪಾಸ್ ಆದ್ರೆ ಶಾದಿ ಮಾಡ್ತಾರೆ, ಆಂಟಿ."

ಸೊಲ್ಲಾಪುರದ ಒಂದು ಸಂಬಂಧ ಕೂಡಿ ಬರುತ್ತಿತ್ತು. ಗಂಡಿನವರಿಗೆ ಹನ್ನೆರಡು ಪಾಸಾದ ಹುಡುಗಿಯೇ ಬೇಕಂತೆ. ಮರ್ಯಾದೆ ಹೋಗುತ್ತದೆಂದು ಯಾವ ಓದನ್ನು ಬಿಡಿಸಿದ್ದರೋ, ಈಗ ಮರ್ಯಾದೆಯ ಮದುವೆಗೆ ಅದೇ ಓದು ಬೇಕಾಗಿತ್ತು. ಕನ್ನಡ, ಹಿಂದಿ ಬೆರೆಸಿ ತಡವರಿಸುತ್ತಾ ಹುಡುಗಿ ಉಳಿದದ್ದನ್ನೂ ಹೇಳಿದಳು. ಕಾಲೇಜಿಗೆ ಹೋಗುತ್ತಿದ್ದಾಗ ಒಂದು ತಿಂಗಳು ಮುಟ್ಟು ತಪ್ಪಿತ್ತು. ತಾಯಿ ಡಾಕ್ಟರ ಹತ್ತಿರ ಕರೆದೊಯ್ದರು. ರಕ್ತ ಕಡಿಮೆಯಿದೆ, ಬೇರೇನೂ ಇಲ್ಲ ಎಂದರು ಡಾಕ್ಟರು. ಆದರೆ ಅವರು ಕೇಳಿದ ಪ್ರಶ್ನೆಗೆ ಇವಳು ತಾಯಿಯ ಮುಂದೆಯೇ ನಿಜ ಹೇಳಿಬಿಟ್ಟಿದ್ದಳು. ಮರುದಿನದಿಂದ ಕಾಲೇಜು ಬಂದ್.

"ಅವನಿಂದ ನನ್ನ ಪಢಾಯಿ ಹಾಳಾಯ್ತು ಅಂತಾರೆ. ಆ ಟರ್ಮ್ ನಾನು ಕ್ಲಾಸಿಗೆ ಸೆಕೆಂಡ್ ಇದ್ದೆ, ಆಂಟಿ, ಆಮೇಲೆ ಫ್ರೆಂಡ್ ಹೇಳಿದ್ಲು. ಯಾರೂ ರಿಸಲ್ಟ್ ತರೋಕೆ ಹೋಗ್ಲೇ ಇಲ್ಲ."

ಇಷ್ಟು ದಿನ ವಿಮಲಾ ಹುಡುಗಿಯ ತಲೆಯಲ್ಲಿ ಹುಡುಕುತ್ತಿದ್ದ ತೊಡಕು ಬಿ ವಿಂಗಿನ ಮನೆಯಲ್ಲಿ ಕೂತಿತ್ತು. ಅಪ್ಪನ ಹತ್ತಿರ ತಾವು ಮಾತಾಡಲೇ ಎಂದು ಕೇಳಿದರು. ರೂಪಾಲಿ ಬೇಡವೆಂದಳು. ತಾನೇ ಹೇಳುತ್ತೇನೆ, ನೀವು ಪಕ್ಕದಲ್ಲಿ ಕೂತಿದ್ದರೆ ಸಾಕು ಎಂದಳು.

ಭಾನುವಾರ ಈರಣ್ಣ ಬಂದರು. ನಪಾಸಿನ ದೂರು ಕೇಳಲು ಸಿದ್ಧರಾಗಿಯೇ ಬಂದಿದ್ದ ಮುಖ ಅದು. "ನಿಮಗೂ ಗೊತ್ತಾಗಿರ್ಬೇಕು, ಆ ಹುಡುಗನ ಸುದ್ದಿ ಆದಾಗಿಂದ ಅಕೀ ತಲೀ ಕೆಟ್ಟದರೀ ಅಕ್ಕೋರ," ಎಂದು ತಾವೇ ಶುರುಮಾಡಿದರು. ವಿಮಲಾ ಎರಡು ಉತ್ತರಪತ್ರಿಕೆಗಳನ್ನು ಮುಂದಿಟ್ಟರು. ಪ್ರಶ್ನೆಗಳು ಒಂದೇ; ಒಂದರಲ್ಲಿ ಇಪ್ಪತ್ತಾರು, ಇನ್ನೊಂದರಲ್ಲಿ ಎಂಬತ್ತು. ಈರಣ್ಣ ಮಗಳ ಕಡೆ ನೋಡಿದರು. ಅವಳು ತಲೆ ಎತ್ತದೆ, ತಾನು ಪಾಸಾಗುತ್ತೇನೆ, ಆದರೆ ಲಗ್ನಕ್ಕಾಗಿ ಅಲ್ಲ, ಮುಂದೆ ಓದಲಿಕ್ಕೆ ಎಂದಳು.

"ಇಷ್ಟೆಲ್ಲಾ ಆದ ಮ್ಯಾಲ ನಿನಗ ಕಾಲೇಜ ಯಾಕ ಬೇಕ?"

"ಅಮೋಲ್‌ಗ ಇದನ್ನ ಯಾರರ ಕೇಳ್ಯಾರೇನಪ್ಪಾ? ಅಂವಾ ಬಿ.ಕಾಂ. ಸೆಕೆಂಡ್ ಇಯರ್ ಅದಾನ. ನಾನೂ ಕ್ಲಾಸಿಗೆ ಸೆಕೆಂಡ್ ಬಂದಿದ್ದೆ."

"ಯಾವಾಗ?"

"ನೀವು ಬಿಡಿಸಿದಾಗ."

ಈರಣ್ಣ ಪತ್ರಿಕೆಯನ್ನು ಎತ್ತಿಕೊಂಡು ಒಂದೊಂದೇ ಹಾಳೆ ತಿರುವಿದರು. ಅದರಲ್ಲಿದ್ದ ಗಣಿತ ಅವರಿಗೆ ತಿಳಿಯುವಂಥದ್ದಲ್ಲ, ಆದರೂ ಕೊನೆಯ ಹಾಳೆಯವರೆಗೂ ನೋಡಿದರು. ಕಣ್ಣು ಒದ್ದೆಯಾದದ್ದನ್ನು ಅವರು ಮುಚ್ಚಿಡಲೂ ಇಲ್ಲ. ಕಾಮಾಲೆಯ ಕಥೆ ಕಟ್ಟುವ ಗಡಿಬಿಡಿಯಲ್ಲಿ ಮಗಳ ಅಂಕ ಕೇಳುವುದು ಮರೆತೇ ಹೋಗಿತ್ತು. ಆಮೇಲೆ ಜೇಬಿನಿಂದ ಫೋನ್ ತೆಗೆದು, ಸಂಬಂಧ ತಂದಿದ್ದ ಕಾಶಪ್ಪನಿಗೆ ಅಲ್ಲಿಂದಲೇ ಹಚ್ಚಿದರು.

"ಕಾಶಪ್ಪ, ಸೊಲ್ಲಾಪುರದವ್ರಿಗೆ ಆಗಂಗಿಲ್ಲ ಅಂತ ಹೇಳಿಬಿಡು. ಇಲ್ಲಪಾ, ಏನೂ ಆಗಿಲ್ಲ. ಹುಡುಗಿ ಓದಾಕತ್ತಾಳ."

ಫೋನನ್ನು ಮೇಜಿನ ಮೇಲಿಟ್ಟು ಮಗಳನ್ನು ಕೇಳಿದರು, ಮುಂದೆ ಏನು ಓದಬೇಕೆಂದಿದ್ದೀ ಎಂದು. ರೂಪಾಲಿ ವಿಮಲಾರ ಮುಖ ನೋಡಿದಳು, ಆಮೇಲೆ ಅಪ್ಪನದು.

"ಗೊತ್ತಿಲ್ಲಪ್ಪಾ," ಎಂದಳು. "ಇಷ್ಟ್ ದಿನ ಪಾಸಾಗದಂಗ ಹ್ಯಾಂಗ ಬರೀಬೇಕು ಅನ್ನೂದನ್ನಷ್ಟ ವಿಚಾರ ಮಾಡೀನಿ."