ಅಪ್ಪ ಓಡಿಸಿದ ವಿಮಾನ

ಬೇಸಿಗೆ ರಜೆಯಲ್ಲಿ ಒಂದು ದಿನ ಅಪ್ಪ ನಮ್ಮನ್ನೆಲ್ಲ ಕಲಬುರಗಿಯಿಂದ ಕಾರಿನಲ್ಲಿ ಹೈದರಾಬಾದಿನ ವಿಮಾನ ಸಂಗ್ರಹಾಲಯಕ್ಕೆ ಕರೆದೊಯ್ದರು. ಅಲ್ಲಿ ಎಂಜಿನ್ನೇ ಇಲ್ಲದ ಹಳೆಯ ವಿಮಾನವೊಂದರ ಪೈಲಟ್ ಸೀಟಿನಲ್ಲಿ ಕೂತು, ಬೆವರುತ್ತ ಫೋಟೊ ತೆಗೆಸಿಕೊಂಡರು.

ಸಂಜೆ ವಾಪಸು ಬರುವಾಗ ಕಮಲಾಪುರದಲ್ಲಿ ಸೋದರತ್ತೆಯ ಮನೆಗೆ ಹೋದೆವು. ಊಟಕ್ಕೆ ಕೂತಾಗ ಅಪ್ಪ ಫೋಟೊ ತೋರಿಸಿ, "ಇವತ್ತ ವಿಮಾನ ನಾನೇ ಓಡಿಸ್ದೆ ನೋಡಕ್ಕಾ," ಎಂದರು. ಅಮ್ಮ ತಲೆ ತಗ್ಗಿಸಿ ರೊಟ್ಟಿ ಮುರಿಯತೊಡಗಿದಳು.

ಅತ್ತೆ ಕಣ್ಣರಳಿಸಿದಳು. "ಅದ್ರಾಗೇ ಬರಬೇಕಿಲ್ಲೇನೋ ತಮ್ಮಾ?"

"ಕಮಲಾಪುರದಾಗ ಎಲ್ಲಿ ಇಳಸ್ಲಿ ಅಕ್ಕಾ?"

"ತೊಗರಿ ರಾಶಿ ಆದಮ್ಯಾಲ ನಮ್ಮ ಹೊಲ ಖಾಲಿನೇ ಬಿದ್ದದ. ಮುಂದಿನ ಸಲ ಅಲ್ಲೇ ಇಳಸು. ತಡಿ, ಓಣಿ ಮಂದೀಗಿ ಹೇಳಿ ಬರ್ತೀನಿ."

ಅತ್ತೆ ಎದ್ದು ಹೊರಟೇಬಿಟ್ಟಳು. ಅಪ್ಪ ಎಂಜಲು ಕೈಯಲ್ಲೇ ಹಿಂದೆ ಓಡಿದರು. ಅಷ್ಟರಲ್ಲಿ ಎದುರು ಮನೆಯ ಅಜ್ಜಿ ತನಗೊಂದು ಕಿಟಕಿ ಸೀಟು ಹೇಳಿಯಾಗಿತ್ತು.